ಕಳ್ಳನಿಗೊಂದು ಪಗಡಿ

"ಎಳಿ ಮಗಳೇ, ಇನ್ನೂ ಜೋರಾಗಿ ಎಳಿ! ಇವತ್ತು ತಿಂಡಿ ತಿಂದಿಲ್ವಾ?"

"ತಿಂದಿದೀನಿ ತಾತ! ನೀವೇ ಜಾಸ್ತಿ ಎಳೀತಿದೀರ!"

ಗೋಲಿಯ ತಾತ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಿರಗಿಟ್ಲೆ ಮುಂಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಳು. ಇಬ್ಬರ ನಡುವೆ, ಇಡೀ ಹಾಲ್‌ನ ಉದ್ದಕ್ಕೂ, ಆರು ಮೀಟರ್ ನೀಲಿ ಬಟ್ಟೆ. ನೀರು ಚಿಮುಕಿಸಿದ್ದರಿಂದ ಅದು ತಣ್ಣಗಿತ್ತು. ಒಂದು ತುದಿ ತಾತನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ.

"ಕೆಳಗೆ ತಾಗ್ತಿದೆ, ಕೆಳಗೆ ತಾಗ್ತಿದೆ!" ಎಂದು ಗೋಲಿ ಓಡಿ ಬಂದು ನಡುವೆ ಜೋತ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಪಗಡಿಯ ಬಟ್ಟೆ ನೆಲಕ್ಕೆ ತಾಗಬಾರದು. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

ಗೋಲಿ ಅವಳ ಕ್ಲಾಸಿನವನು, ಕ್ಲಾಸಿನ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಅವರ ಮನೆಯವರು ಸಿಖ್ಖರು. ಕೂದಲು ಕತ್ತರಿಸುವುದಿಲ್ಲ. ಗೋಲಿ ತನ್ನ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿ, ಅದರ ಮೇಲೆ ಚಿಕ್ಕದೊಂದು ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಸ್ಕೂಲಿಗೆ ಬರುತ್ತಿದ್ದ. ದೊಡ್ಡವನಾದ ಮೇಲೆ ತಾತನ ಹಾಗೆ ಪೂರ್ತಿ ಪಗಡಿ.

ಇನ್ನು ಗಿರಗಿಟ್ಲೆ. ನಿಂತ ಕಡೆ ನಿಲ್ಲದವಳು, ಬಾಯಿಗೆ ಬಂದದ್ದನ್ನು ಆಡದೆ ಬಿಡದವಳು. ಕ್ಲಾಸಲ್ಲಿ ಟೀಚರ್ ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಇವಳ ಉತ್ತರ ಹೊರಗೆ ಬಿದ್ದಿರುತ್ತಿತ್ತು. ಅರ್ಧ ಸಲ ತಪ್ಪು ಉತ್ತರ.

ತಾತ ಬಟ್ಟೆಯನ್ನು ಉದ್ದಕ್ಕೆ ಮಡಿಚುವುದು ತೋರಿಸಿಕೊಟ್ಟರು. ಒಂದು ಮಡಿಕೆ, ಇನ್ನೊಂದು ಮಡಿಕೆ, ಮತ್ತೊಂದು. ಕೊನೆಗೆ ಅಷ್ಟಗಲದ ಬಟ್ಟೆ ಒಂದು ಗೇಣಿನ ಪಟ್ಟಿಯಾಯಿತು.

"ಹ್ಞಾ, ಈಗ ಕುರ್ಚಿ ಮೇಲೆ ಕೂತ್ಕೋ. ನಿನ್ನ ತಲೆಗೇ ಕಟ್ಟಿ ತೋರಿಸ್ತೀನಿ. ಜಡೆ ಮೇಲೆ ಎತ್ತಿ ಹಿಡ್ಕೋ. ಈ ತುದೀನ ಹಲ್ಲಲ್ಲಿ ಕಚ್ಕೋ."

"ಹಲ್ಲಲ್ಲಾ?"

"ಹೂಂ. ಕಟ್ಟಿ ಮುಗಿಯೋವರೆಗೂ ಬಾಯಿ ಬಿಡೋ ಹಾಗಿಲ್ಲ."

"ಇವಳ ಕೈಲಿ ಆಗಲ್ಲ ತಾತ," ಎಂದ ಗೋಲಿ. ಅವಳು ಬಟ್ಟೆ ಕಚ್ಚಿಕೊಂಡೇ "ಉಂ ಉಂ ಉಂ" ಎಂದು ಬೈದಳು. ತಾತ ಬಿದ್ದು ಬಿದ್ದು ನಕ್ಕರು.

ಪಟ್ಟಿ ತಲೆ ಸುತ್ತ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಒಂದೊಂದು ಸುತ್ತೂ ಹಿಂದಿನದಕ್ಕಿಂತ ಸ್ವಲ್ಪ ಮೇಲೆ, ಮೆಟ್ಟಿಲಿನ ಹಾಗೆ. ತಾತನ ಬೆರಳುಗಳು ದಪ್ಪವಾಗಿದ್ದರೂ ಬಲು ಮೆದು. ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದ ಕೈ ಅದು. ತೆಳ್ಳನೆಯ ಸ್ಟೀಲ್ ಕಡ್ಡಿಯೊಂದರಿಂದ ಅವರು ಅವಳ ಹಣೆಯ ಕೂದಲನ್ನು ಒಳಗೆ ತಳ್ಳಿ, ಮಡಿಕೆಗಳನ್ನು ನೇರ ಮಾಡಿದರು.

"ಅಂದ ಹಾಗೆ ಸ್ಕೂಲ್ ಡೇ ನಾಟಕಕ್ಕೆ ಅಂದ್ಯಲ್ಲ, ಯಾವ ಪಾತ್ರಕ್ಕಮ್ಮ ಪಗಡಿ? ಈಗ ಬಾಯಿ ಬಿಡಬಹುದು."

ಬಾಯಿ ಬಿಡಬಹುದು ಎಂದಾಗಲೇ ಅವಳ ಬಾಯಿ ಕಟ್ಟಿಹೋಯಿತು.

ಏಕೆಂದರೆ ಪಗಡಿ ಬೇಕಾಗಿದ್ದು ಕಳ್ಳನಿಗೆ. ಅದೂ ಬರಿಯ ಕಳ್ಳನಲ್ಲ, ಕಳ್ಳರ ನಾಯಕನಿಗೆ. ಮೊನ್ನೆ ರಿಹರ್ಸಲ್‌ನಲ್ಲಿ ಡ್ರಾಮಾ ಮಿಸ್ ಅವಳನ್ನು ಡ್ರೆಸ್ ಲೀಡರ್ ಮಾಡಿದ್ದರು. ಎದ್ದು ನಿಂತವಳೇ ಇವಳು, "ಮಿಸ್, ಕಳ್ಳರ ನಾಯಕನಿಗೆ ದೊಡ್ಡ ಪಗಡಿ, ದೊಡ್ಡ ಗಡ್ಡ ಹಾಕೋಣ! ನೋಡಿದ ತಕ್ಷಣ ಎಲ್ರೂ ಹೆದರ್ಕೋಬೇಕು!" ಎಂದಿದ್ದಳು. "ಪಗಡಿ ಎಲ್ಲಿಂದ ತರ್ತೀಯ?" ಎಂದು ಯಾರೋ ಕೇಳಿದರು. "ಗೋಲಿ ಮನೇಲಿ ಬೇಕಾದಷ್ಟಿದೆ!" ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ನಗಿಸಿದ ಖುಷಿಯಲ್ಲಿ ಅವಳೂ ನಕ್ಕಳು. ಗೋಲಿಯೂ ನಕ್ಕ. ಮಿಸ್ ಮಾತ್ರ ಅವಳ ಮಾತು ಪೂರ್ತಿ ಕೇಳಿಸಿಕೊಳ್ಳದೆ ಮೈಕ್ ಸರಿಮಾಡಲು ಹೊರಗೆ ಹೋಗಿದ್ದರು.

ಆಗ ಅದು ತಮಾಷೆಯಾಗಿತ್ತು. ಈಗ, ಈ ಕುರ್ಚಿಯ ಮೇಲೆ, ತಾತ ಬಗ್ಗಿ ತನ್ನ ಕಿವಿಯ ಹತ್ತಿರದ ಮಡಿಕೆ ನೇರ ಮಾಡುತ್ತಿರುವಾಗ, ಅದು ತಮಾಷೆಯಾಗಿರಲಿಲ್ಲ. ದೊಡ್ಡ ಪಗಡಿ, ದೊಡ್ಡ ಗಡ್ಡ. ತಾತನಿಗೂ ಅವೆರಡೂ ಇದ್ದವು, ಅಷ್ಟು ಹತ್ತಿರದಲ್ಲಿ.

"ರಾಜ," ಎಂದುಬಿಟ್ಟಳು. "ರಾಜನ ಪಾತ್ರಕ್ಕೆ ತಾತ."

ನಾಟಕದ ಹೆಸರು 'ಬೇಕರಿ ಕಳ್ಳರು'. ಅದರಲ್ಲಿ ಒಬ್ಬ ಬೇಕರಿಯವನು, ಒಬ್ಬ ಪೊಲೀಸ್, ಮೂವರು ಕಳ್ಳರು, ಒಂದು ಬೆಕ್ಕು. ಬೆಕ್ಕಿಗೂ ಪಾತ್ರವಿತ್ತು, ರಾಜನಿಗಿರಲಿಲ್ಲ.

ಗೋಲಿ ಕಿಟಕಿಯ ಹೊರಗೆ ಏನೋ ನೋಡುವವನ ಹಾಗೆ ನಿಂತ.

"ರಾಜನಾ!" ತಾತನ ಮುಖ ಅರಳಿತು. "ಮೊದಲೇ ಹೇಳ್ಬಾರ್ದಾ? ರಾಜಂಗೆ ಈ ದಿನಾ ಕಟ್ಟೋ ಬಟ್ಟೆ ಕೊಡ್ತಾರಾ ಯಾರಾದ್ರೂ?" ಎನ್ನುತ್ತ ಬೀರುವಿನ ಕಡೆ ನಡೆದರು. ಒಳಗೆ ಒಂದರ ಮೇಲೊಂದು ಮಡಿಚಿಟ್ಟ ಬಟ್ಟೆಗಳು. ಎಲ್ಲಕ್ಕಿಂತ ಕೆಳಗಿನಿಂದ ಒಂದು ಕುಂಕುಮ ಬಣ್ಣದ್ದನ್ನು ಎಳೆದು ತೆಗೆದರು.

"ಇದು ಮದುವೆ ಗಿದುವೆಗೆ ಹೋಗುವಾಗ ಕಟ್ಟೋದು. ನಿಮ್ಮ ರಾಜಂಗೆ ಇದೇ ಇರಲಿ. ಗೊತ್ತಾ ಮಗಳೇ, ಒಂದು ಕಾಲದಲ್ಲಿ ರಾಜರು, ದೊಡ್ಡ ದೊಡ್ಡ ಮನುಷ್ಯರು ಮಾತ್ರ ಇಂಥಾ ಪಗಡಿ ಕಟ್ಟೋರಂತೆ. ಬಡವರು ಕಟ್ಟೋ ಹಾಗಿರಲಿಲ್ಲ. ನಮ್ಮ ಗುರುಗಳು, ಹಾಗೇನಿಲ್ಲ, ಎಲ್ಲಾರೂ ಕಟ್ಟಿ ಅಂದ್ರು. ಅದಕ್ಕೇ ನೋಡು, ನಾನು ಬಸ್ ಡ್ರೈವರ್. ಆದ್ರೂ ದಿನಾ ಬೆಳಿಗ್ಗೆ ರಾಜನ ಹಾಗೆ ಕಟ್ಕೊಂಡೇ ಡ್ಯೂಟಿಗೆ ಹೋಗ್ತಿದ್ದೆ."

ಗಿರಗಿಟ್ಲೆ ಹೂಂಗುಟ್ಟಿದಳು. ಅವಳ ಕಿವಿ ಬಿಸಿಯಾಗತೊಡಗಿತ್ತು.

"ಇನ್ನೊಂದು ವಿಷಯ. ಇದನ್ನ ಕಟ್ಕೊಂಡೋನು ಗುಂಪಲ್ಲಿ ಬಚ್ಚಿಟ್ಕೊಳ್ಳಕ್ಕಾಗಲ್ಲ. ಎಷ್ಟು ದೂರದಿಂದ್ಲೂ ಕಾಣ್ತಾನೆ. ಕಾಣ್ಲಿ ಅಂತಾನೇ ಕಟ್ಟೋದು. ಯಾರಿಗಾದ್ರೂ ಕಷ್ಟ ಬಂತು ಅಂತಿಟ್ಕೋ, ಅಗೋ ಅಲ್ಲೊಬ್ಬ ಇದಾನೆ ಅಂತ ಗೊತ್ತಾಗ್ಬೇಕು. ಬಸ್‌ಸ್ಟ್ಯಾಂಡಲ್ಲಿ ಮಕ್ಕಳು ಅಪ್ಪ ಅಮ್ಮನ ಕೈ ತಪ್ಪಿಸ್ಕೊಂಡ್ರೆ ಸೀದಾ ನನ್ನ ಹತ್ರಾನೇ ಓಡಿ ಬರೋವು. ಎಷ್ಟು ಮಕ್ಕಳನ್ನ ಈ ಕಂಕುಳಲ್ಲಿ ಎತ್ಕೊಂಡು ತಿರುಗಿದೀನೋ!"

ಹಾಗೆ ದೂರದಿಂದ ಕಾಣುವವನು ಬೇಕರಿಗೆ ನುಗ್ಗಿ ಹೇಗೆ ಕದಿಯುತ್ತಾನೆ? ಮೊನ್ನೆ ಈ ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ. ಕ್ಲಾಸಲ್ಲಿ ಯಾರಿಗೂ ಹೊಳೆದಿರಲಿಲ್ಲ.

ತಾತ ಅವಳ ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿದರು. ನೀಲಿ ಪಗಡಿಯ ಕೆಳಗೆ ಅವಳದೇ ಮುಖ, ಅವಳದೇ ಮುರಿದ ಮುಂದಿನ ಹಲ್ಲು. ಹೆದರಿಕೆಯಾಗುವಂಥದ್ದು ಏನೂ ಇರಲಿಲ್ಲ.

"ನೋಡು, ಕತ್ತು ತಾನಾಗಿ ನೆಟ್ಟಗಾಯ್ತು! ನಿಮ್ಮ ನಾಟಕ ಯಾವಾಗ, ಶನಿವಾರ ಅಲ್ವಾ? ನಾನೂ ಬರ್ತೀನಿ. ನಮ್ಮ ಡಿಪೋ ಗೆಳೆಯರನ್ನೂ ಕರ್ಕೊಂಡು ಬರ್ತೀನಿ. ಎಲ್ಲಾ ಮುಂದಿನ ಸಾಲಲ್ಲಿ ಕೂತು, ರಾಜ ಬಂದ ತಕ್ಷಣ ಚಪ್ಪಾಳೆ ಹೊಡೀತೀವಿ ನೋಡ್ತಿರು," ಎಂದವರೇ ಜೇಬಿನಿಂದ ಫೋನ್ ತೆಗೆದರು. ಕನ್ನಡಕ ಮೇಲೆತ್ತಿಕೊಂಡು ನಂಬರ್ ಹುಡುಕತೊಡಗಿದರು.

ಶನಿವಾರ ಅವಳ ಕಣ್ಣ ಮುಂದೆ ಬಂತು. ಮುಂದಿನ ಸಾಲಿನಲ್ಲಿ ತಾತ. ಪಕ್ಕದಲ್ಲಿ ಅವರ ಗೆಳೆಯರು. ಸ್ಟೇಜಿನ ಮೇಲೆ ಕುಂಕುಮ ಬಣ್ಣದ ಪಗಡಿ ಕಟ್ಟಿಕೊಂಡು, ಅಂಟಿಸಿದ ಗಡ್ಡ ಹಾಕಿಕೊಂಡು, ಕೇಕ್ ಕದ್ದು ಓಡುವ ಕಳ್ಳ. ಹಿಂದೆ ಬೆಕ್ಕು.

"ತಾತ."

"ಹಲೋ... ಇರು ಮಗಳೇ, ರಿಂಗ್ ಆಗ್ತಿದೆ."

"ತಾತ, ಫೋನ್ ಮಾಡ್ಬೇಡಿ! ರಾಜ ಅಲ್ಲ. ನಾನು ಸುಳ್ಳು ಹೇಳ್ದೆ. ಪಗಡಿ ಕಳ್ಳಂಗೆ."

ತಾತ ಫೋನನ್ನು ಕಿವಿಯಿಂದ ಇಳಿಸಿ ಕಟ್ ಮಾಡಿದರು.

"ಯಾರಿಗೆ?"

"ಕಳ್ಳರ ನಾಯಕಂಗೆ. ನಾಟಕದಲ್ಲಿ ರಾಜಾನೇ ಇಲ್ಲ."

ತಾತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಅತ್ತು ಮುಗಿಸಬಹುದಿತ್ತು. ಅವರು ಮಂಚದ ಅಂಚಿನಲ್ಲಿ ಕೂತರು. ಕುಂಕುಮ ಬಣ್ಣದ ಬಟ್ಟೆ ಇನ್ನೂ ಅವರ ತೊಡೆಯ ಮೇಲಿತ್ತು.

"ಕಳ್ಳಂಗೆ ಯಾಕಮ್ಮ ಪಗಡಿ?"

ನಿಜವಾಗಿಯೂ ತಿಳಿದುಕೊಳ್ಳಲೆಂದೇ ಅವರು ಕೇಳಿದ್ದರು. ಅದಕ್ಕೇ ಉತ್ತರ ಹೇಳುವುದು ಕಷ್ಟವಾಯಿತು.

"ನೋಡಿದ್ರೆ ಭಯ ಆಗ್ಲಿ ಅಂತ."

"ನನ್ನ ನೋಡಿದ್ರೆ ನಿಂಗೆ ಭಯ ಆಗುತ್ತಾ?"

"ಇಲ್ಲ ತಾತ!"

"ಮತ್ತೆ?"

ಮತ್ತೆ ಏನು? ಅವಳು ತಲೆಯೊಳಗೆಲ್ಲ ಹುಡುಕಿದಳು. ಯಾವುದೋ ಕಾರ್ಟೂನ್, ಯಾವುದೋ ವಿಡಿಯೋ ಗೇಮ್‌ನ ವಿಲನ್, ಯಾರೋ ತೋರಿಸಿದ ಚಿತ್ರ. ಅದರಲ್ಲಿದ್ದವರು ಯಾರು, ಯಾವ ದೇಶದವರು, ಅವರು ಕಟ್ಟಿದ್ದು ಪಗಡಿಯೋ ಬೇರೆ ಏನೋ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಎದ್ದು ನಿಂತು ಹೇಳಿಬಿಟ್ಟಿದ್ದಳು.

"ಗೊತ್ತಿಲ್ಲ ತಾತ," ಎಂದಳು. ನಾಚಿಕೆಯಿಂದ ತಲೆ ತಗ್ಗಿಸಲು ಹೋದಳು. ಪಗಡಿ ಮುಂದಕ್ಕೆ ಜಾರಿತು. ಗಾಬರಿಯಿಂದ ಮತ್ತೆ ಕತ್ತು ನೆಟ್ಟಗೆ ಮಾಡಿದಳು. ತಲೆ ತಗ್ಗಿಸುವ ಹಾಗಿಲ್ಲ, ಎತ್ತಿದರೆ ಎದುರಿಗೆ ತಾತ. ಕಣ್ಣೀರು ಕೆನ್ನೆಯ ಮೇಲೆ ಇಳಿದರೂ ಹಾಗೇ ಕೂತಳು.

ತಾತ ತೊಡೆಯ ಮೇಲಿನ ಬಟ್ಟೆ ಸವರಿದರು.

"ನಾನು ಹೊಸದಾಗಿ ಬಸ್ ಡ್ರೈವರ್ ಆದಾಗ ಕೆಲವರು ನನ್ನ ಮುಖ ನೋಡಿ, ಮುಂದಿನ ಬಸ್ಸಲ್ಲಿ ಬರ್ತೀವಿ ಅನ್ನೋರು."

"ನಿಮಗೆ ಕೋಪ ಬರ್ತಿರ್ಲಿಲ್ವಾ?"

"ಬರ್ತಿತ್ತು. ಆದ್ರೆ ಬಸ್ ಓಡಿಸ್ಬೇಕಿತ್ತಲ್ಲಮ್ಮ."

ಅಷ್ಟು ಹೇಳಿ ಎದ್ದು ಬಂದು ಅವಳ ತಲೆಯಿಂದ ಪಗಡಿ ಬಿಚ್ಚಿದರು. ಅವಸರವಿಲ್ಲದೆ, ಒಂದೊಂದೇ ಸುತ್ತು. ಕೂದಲಿಗೆ ಎಲ್ಲೂ ನೋವಾಗಲಿಲ್ಲ. ಆಮೇಲೆ ಎರಡೂ ಬಟ್ಟೆಗಳನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಶನಿವಾರ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಗೇಟಿನವರೆಗೆ ಗೋಲಿ ಜೊತೆಗೆ ಬಂದ.

"ನಿಂಗೆ ಗೊತ್ತಿತ್ತಲ್ಲ, ಕಳ್ಳಂಗೆ ಅಂತ? ಮತ್ತೆ ಯಾಕೆ ಕರ್ಕೊಂಡು ಬಂದೆ?"

"ನೀನು ಕೇಳ್ದೆ."

"ಅವತ್ತು ನೀನೂ ನಕ್ಕೆ."

"ಹೂಂ."

"ಯಾಕೆ?"

ಗೋಲಿ ಗೇಟಿನ ಚಿಲಕವನ್ನು ಎತ್ತಿ ಇಳಿಸಿ ಮಾಡಿದ. "ಗೊತ್ತಿಲ್ಲ," ಎಂದು ಒಳಗೆ ಹೋದ.

ಅವಳಿಗೂ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದಳು. ಮನೆಯಲ್ಲಿ ಅಮ್ಮ, "ಏನೇ ಇದು, ನಮ್ಮ ಗಿರಗಿಟ್ಲೆ ಇವತ್ತು ತಿರುಗ್ತಾನೇ ಇಲ್ಲ?" ಎಂದು ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಮರುದಿನ ರಿಹರ್ಸಲ್. ಡ್ರಾಮಾ ಮಿಸ್ ಪಟ್ಟಿ ಹಿಡಿದುಕೊಂಡು, "ಎಲ್ಲಿ ನಮ್ಮ ಡ್ರೆಸ್ ಲೀಡರ್? ಪೊಲೀಸ್ ಟೋಪಿ ಬಂತು, ಬೆಕ್ಕಿನ ಬಾಲ ಬಂತು. ಕಳ್ಳರ ನಾಯಕಂಗೆ ಏನೋ ಹೇಳಿದ್ಯಲ್ಲ?" ಎಂದರು.

ಗಿರಗಿಟ್ಲೆ ಎದ್ದು ನಿಂತಳು. ಎಲ್ಲರೂ ಅವಳ ಕಡೆ ತಿರುಗಿದರು. ಆಗಲೇ ಕೆಲವರ ತುಟಿಯಲ್ಲಿ ನಗು ತಯಾರಾಗಿತ್ತು, ಏಕೆಂದರೆ ಅವಳು ಎದ್ದರೆ ನಗಿಸುತ್ತಾಳೆ.

"ಪಗಡಿ ಬೇಡ ಮಿಸ್," ಎಂದಳು. "ಕಳ್ಳಂಗೆ ಪಗಡಿ ಹಾಕೋಣ ಅಂತ ನಾನು ಹೇಳಿದ್ದು ತಪ್ಪು. ಅದು ಕಳ್ಳರದ್ದಲ್ಲ. ಗೋಲಿ ಮನೆಯವರದ್ದು. ಅವರ ಮನೆಯಲ್ಲಿ ಅದನ್ನ ನೆಲಕ್ಕೂ ತಾಗಿಸಲ್ಲ. ನಾನು ಅದನ್ನ ಕಳ್ಳಂಗೆ ಕೇಳಿದೆ."

ಹಿಂದಿನ ಬೆಂಚಿನಿಂದ ಕಳ್ಳರ ನಾಯಕನ ಪಾತ್ರದ ಹುಡುಗ, "ಓಹೋ, ಟೀಚರಮ್ಮ ಪಾಠ ಶುರು ಮಾಡಿದ್ರು, ಎಲ್ಲಾ ನೋಟ್ಸ್ ಬರ್ಕೊಳ್ರಪ್ಪಾ!" ಎಂದು ಕೂಗಿದ.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಮಿಸ್ "ಸೈಲೆನ್ಸ್!" ಎಂದು ಮೇಜು ಬಡಿದರೂ ನಿಲ್ಲಲಿಲ್ಲ.

ಗಿರಗಿಟ್ಲೆ ನಡುವೆ ಒಬ್ಬಳೇ ನಿಂತಿದ್ದಳು. ಮುಖ ಕಾದು ಕೆಂಪಾಗಿತ್ತು. ಎಲ್ಲಿ ನೋಡಿದರೂ ಹಲ್ಲು, ಎಲ್ಲಿ ನೋಡಿದರೂ ಕಣ್ಣು. ಆಗ ಒಂದು ವಿಚಿತ್ರ ನಡೆಯಿತು. ಅವಳಿಗೆ ಒಂದಿಷ್ಟೂ ನಗು ಬಂದಿರಲಿಲ್ಲ, ಅಳು ಬಂದಿತ್ತು. ಆದರೂ ಅವಳ ತುಟಿಗಳು ತಾವಾಗಿಯೇ ಅಗಲವಾಗತೊಡಗಿದವು. ತಾನೂ ಸ್ವಲ್ಪ ನಕ್ಕುಬಿಟ್ಟರೆ ಸಾಕು, ಎಲ್ಲ ತಮಾಷೆಯಾಗಿ ಹೋಗುತ್ತದೆ, ಎಲ್ಲರೂ ನೋಡುವುದನ್ನು ಬಿಡುತ್ತಾರೆ.

ಅವತ್ತು ಗೋಲಿ ನಕ್ಕಿದ್ದು ಹೀಗೇ.

ಅವಳು ತುಟಿ ಕಚ್ಚಿಕೊಂಡು, ನಗದೆ, ನಿಂತೇ ಇದ್ದಳು.