ನಾಲ್ಕನೇ ಮೇಜು

“ಮೇಡಂ, ಆ ಎರಡು ಬಾವುಟ ಒಂದ ಮೇಜಿನ ಮ್ಯಾಲ ಇಡಬ್ಯಾಡ್ರಿ.”

ಏಣಿಯ ಮೇಲಿಂದ ಬಂದ ಕನ್ನಡಕ್ಕೆ ಶರ್ಲಿ ಬೆಚ್ಚಿದಳು. ಕೊಲ್ಲಿ ರಾಷ್ಟ್ರವೊಂದರ ರಾಜಧಾನಿಯಲ್ಲಿ, ಮಿರ್ಕಾಬಿನ ಒಂದು ಹೋಟೆಲಿನ ಔತಣಕೂಟ ವಿಭಾಗದಲ್ಲಿ ಅವಳು ಎಂಟು ತಿಂಗಳಿಂದ ಗುಮಾಸ್ತೆ. ಇಲ್ಲಿ ಯಾರೂ ಅವಳನ್ನು ಕನ್ನಡದಲ್ಲಿ ಮಾತಾಡಿಸಿರಲಿಲ್ಲ.

ಅವನು ಎಲೆಕ್ಟ್ರಿಷಿಯನ್ ಅಮರೇಶ, ಲಿಂಗಸೂಗೂರಿನವನು. ಇಳಿದು ಬಂದವನೇ ಅವಳ ಕೈಯಿಂದ ಪುಟ್ಟ ಬಾವುಟವನ್ನು ತೆಗೆದುಕೊಂಡ.

“ಎಂತ ಮಾಡ್ತೀರಿ ನೀವು? ಕೊಡಿ ಇಲ್ಲಿ.”

“ಇದು ರಷ್ಯಾ. ಅದು ಉಕ್ರೇನ್. ಪೇಪರ್ ಓದಂಗಿಲ್ಲೇನ್ರಿ?”

ಶರ್ಲಿ ಕೈಯಲ್ಲಿದ್ದ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು.

ಅದು 2014ರ ಏಪ್ರಿಲ್. ಒಂದೇ ಭಾಷಾಕುಟುಂಬದ ಸ್ಲಾವ್ ದೇಶಗಳ ರಾಯಭಾರ ಕಚೇರಿಗಳವರು ವರ್ಷಕ್ಕೊಮ್ಮೆ ಸೇರುವ ಊಟ ಮಧ್ಯಾಹ್ನ ಒಂದಕ್ಕಿತ್ತು. ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ಅವಳ ಕೆಲಸ. ಆಫೀಸಿನಲ್ಲಿ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದ್ದಳು. ಹೋದ ವರ್ಷದ ಫೈಲ್ ತೆರೆದು ತಾರೀಖು ಬದಲಿಸಿದ್ದಳು. ಹೋದ ವರ್ಷ ಆ ಎರಡು ದೇಶದವರು ನಾಲ್ಕನೇ ಮೇಜಿನಲ್ಲಿ ಭುಜ ತಾಗಿಸಿ ನಕ್ಕ ಫೋಟೊ ಕೂಡ ಫೈಲಿನಲ್ಲಿತ್ತು. ಆದರೆ ಕಳೆದ ತಿಂಗಳು ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ತನಗೆ ಸೇರಿಸಿಕೊಂಡಿತ್ತು.

ಅಮರೇಶ ಮೊದಲು ಸಬ್ಹಾನಿನ ಲೇಬರ್ ಕ್ಯಾಂಪಿನಲ್ಲಿದ್ದನಂತೆ. ಪಕ್ಕದ ಕೋಣೆಯಲ್ಲಿ ಇಬ್ಬರು ವೆಲ್ಡರ್‌ಗಳು, ಆ ದೇಶದವನೊಬ್ಬ, ಈ ದೇಶದವನೊಬ್ಬ. ಒಂದೇ ಪಾತ್ರೆಯಲ್ಲಿ ಉಣ್ಣುತ್ತಿದ್ದರು. ನಮ್ಮ ಭಾಷೆಗಳು ಅಕ್ಕತಂಗಿಯರು, ನಮ್ಮ ಅಜ್ಜಂದಿರು ಒಂದೇ ಸೈನ್ಯದಲ್ಲಿ ಸತ್ತವರು ಎನ್ನುತ್ತಿದ್ದರು. ಮೊನ್ನೆ ಹೋಗಿ ನೋಡಿದರೆ ಕೋಣೆಯ ನಡುವೆ ಕಪಾಟು ಅಡ್ಡ ಎಳೆದಿದ್ದರಂತೆ.

“ಅಣ್ಣತಮ್ಮರ ಜಗಳರೀ ಇದು. ಹೊರಗಿನವರ ಜಗಳದಂಗ ಮುಗಿಯೂದಲ್ಲ.”

ಯಾರಾದರೂ ಎದ್ದು ಹೋದರೆ?... ಆಮಂತ್ರಣದಲ್ಲಿ ಮೇಜಿನ ಸಂಖ್ಯೆ ಅಚ್ಚಾಗಿತ್ತು. ಒಬ್ಬರನ್ನು ಹಿಂದಿನ ಮೇಜಿಗೆ ತಳ್ಳಿದರೆ ಅದೂ ಅವಮಾನ. ಸ್ವಾಗತ ಕೌಂಟರಿನ ಹುಡುಗಿಯೊಬ್ಬಳು ಇದಕ್ಕಿಂತ ಸಣ್ಣ ತಪ್ಪು ಮಾಡಿದ್ದಕ್ಕೆ ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗಿ, ನಾಲ್ಕು ದಿನದಲ್ಲಿ ದೇಶ ಬಿಟ್ಟಿದ್ದಳು. ಶರ್ಲಿಯ ಇಕಾಮಾ ಕೂಡ ಈ ಹೋಟೆಲಿನ ಹೆಸರಿನಲ್ಲೇ ಇತ್ತು.

“ಮ್ಯಾನೇಜರಿಗೆ ಹೇಳ್ಬೇಡಿ, ಪ್ಲೀಸ್,” ಎಂದಳು.

ಅವನು ತಲೆಯೆತ್ತಿ ನಾಲ್ಕನೇ ಮೇಜಿನ ಮೇಲಿನ ತೂಗುದೀಪವನ್ನು ನೋಡಿದ.

ಹೊಸ ಪಟ್ಟಿ ಮಾಡಲು ಅವಳು ಆಫೀಸಿಗೆ ಓಡಿದಳು. ಕಂಪ್ಯೂಟರಿನ ಮುಂದೆ ಕೂತರೆ ತಲೆ ಓಡಲಿಲ್ಲ. ಮರಳಿ ಬಂದಾಗ ಮ್ಯಾನೇಜರ್ ಯೂಸುಫ್ ಅಮರೇಶನ ಪಕ್ಕ ನಿಂತು ನಾಲ್ಕನೇ ಮೇಜನ್ನೇ ನೋಡುತ್ತಿದ್ದ. ಮುಖ ಕಪ್ಪಿಟ್ಟಿತ್ತು. ಊಟ ಮುಗಿದ ಮೇಲೆ ನನ್ನ ಕೋಣೆಗೆ ಬಾ ಎಂದು ಅವಳಿಗೆ ಹೇಳಿದ.

ಹೇಳಿಬಿಟ್ಟ... ಕನ್ನಡದವನೆಂದು ನಂಬಿದೆನಲ್ಲ!

ನಾಲ್ಕನೇ ಮೇಜಿನ ಮೇಲಿನ ದೀಪ ಸಡಿಲವಾಗಿದೆಯೆಂದು ಯೂಸುಫ್ ಮೇಜುಗಳನ್ನೆಲ್ಲ ಎಳೆಸಿ, ಹಾಲಿನ ಆಚೆ ಬದಿಗೆ ಒಂದೇ ಉದ್ದ ಮೇಜು ಮಾಡಿಸಿದ. ಈಗ ಯಾವ ಕ್ರಮದಲ್ಲಿ ಕೂರಿಸುವುದೆಂದು ಕೇಳಿದ. ಹಾಜರಿಪಟ್ಟಿಯಂತೆ ಅರಬ್ಬಿ ಅಕ್ಷರಮಾಲೆಯ ಕ್ರಮದಲ್ಲಿ ಎಂದಳು ಶರ್ಲಿ, ಆಗ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಉಕ್ರೇನಿಗೂ ರಷ್ಯಾಕ್ಕೂ ನಡುವೆ ನಾಲ್ಕು ದೇಶಗಳು ಬಂದವು.

ಆ ಎರಡು ಕಡೆಯವರು ಊಟದುದ್ದಕ್ಕೂ ಪರಸ್ಪರ ನೋಡಲಿಲ್ಲ. ಚಮಚದ ಸದ್ದಾದಾಗಲೆಲ್ಲ ಅವಳು ಬಾಗಿಲಿನತ್ತ ನೋಡುತ್ತಿದ್ದಳು. ಯಾರೂ ಎದ್ದು ಹೋಗಲಿಲ್ಲ.

ಕೋಣೆಯಲ್ಲಿ ಯೂಸುಫ್ ಅವಳನ್ನು ಬಯ್ಯಲಿಲ್ಲ. ಒಂದು ಪತ್ರ ಟೈಪ್ ಮಾಡು ಎಂದ. ಅತಿಥಿಗಳು ಬರುವ ಹೊತ್ತಿಗೆ ನಾಲ್ಕನೇ ಮೇಜಿನ ಮೇಲಿನ ದೀಪ ಸಡಿಲವಾಗಿತ್ತು, ಇದು ಎಲೆಕ್ಟ್ರಿಷಿಯನ್ ಅಮರೇಶನ ನಿರ್ಲಕ್ಷ್ಯ, ಇಕಾಮಾ ರದ್ದು.

ಅವಳ ಬೆರಳು ನಿಂತಿತು. ಬೆಳಿಗ್ಗೆ ಆ ದೀಪ ಸರಿಯಾಗಿಯೇ ಇತ್ತು. ಅವಳ ತಪ್ಪನ್ನು ಮುಚ್ಚಲು ಅದನ್ನು ಸಡಿಲ ಮಾಡಿದವನು ಅವನೇ.

ಸುಮ್ಮನಿದ್ದರೆ ಸಾಕು. ಟೈಪ್ ಮಾಡಿ ಎದ್ದು ಹೋದರೆ ಸಾಕು...

ಎರಡು ಸಾಲು ಟೈಪ್ ಮಾಡಿಯೂ ಮಾಡಿದಳು. ಆಮೇಲೆ ಕುರ್ಚಿಯ ಅಂಚು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು.

ಯೂಸುಫ್ ಆ ಎರಡು ಸಾಲು ಅಳಿಸಲು ಹೇಳಿದ. ಇಬ್ಬರಿಗೂ ಎಚ್ಚರಿಕೆ ಪತ್ರ, ಇನ್ನೊಂದು ತಪ್ಪಾದರೆ ಇಬ್ಬರೂ ಊರಿಗೆ, ಖಲಾಸ್ ಎಂದ.

ಅಮರೇಶ ಫರ್ವಾನಿಯಾ ಬಸ್ಸಿಗೆ ಕಾಯುತ್ತಿದ್ದ. ಶರ್ಲಿ ತಂದುಕೊಟ್ಟ ಎಚ್ಚರಿಕೆ ಪತ್ರ ಓದಿ ತಲೆಯೆತ್ತಿದ.

“ಯಾಕ ಹೇಳಿದ್ರಿ? ನನ್ನೊಬ್ಬನ ಮ್ಯಾಲ ಮುಗೀತಿತ್ತು.”

“ನಿಮ್ಮನ್ನು ಕಳಿಸುವ ಪತ್ರ ನನ್ನ ಕೈಯಲ್ಲೇ ಬರೆಸಿದರು ಮಾರಾಯ್ರೆ. ಬೆರಳು ಹೋಗ್ಲಿಲ್ಲ. ನೀವು ಯಾಕೆ ಮಾಡಿದ್ದು?”

ಅವನು ಬಸ್ ಬರುವ ದಿಕ್ಕಿಗೆ ನೋಡುತ್ತ ಹೇಳಿದ. ಎಂಟು ತಿಂಗಳಿಂದ ಕ್ಯಾಂಟೀನಿನಲ್ಲಿ ಅವಳು ಗೆಳತಿಯೊಡನೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಪಕ್ಕದ ಮೇಜಿನಿಂದ ಕೇಳುತ್ತಿದ್ದನಂತೆ. ತನ್ನ ಕನ್ನಡ ಕೇಳಿ ನಕ್ಕಾಳೆಂದು ಮಾತಾಡಿಸಿರಲಿಲ್ಲ.

“ದೀಪ ಸಡಿಲ ಮಾಡೂ ಧೈರ್ಯ ಇತ್ರಿ. ನನ್ನ ಲಗ್ನ ಆಗ್ತೀರೇನು ಅಂತ ಕೇಳೂ ಧೈರ್ಯ ಇರಲಿಲ್ಲ.”

“ಈಗ ಕೇಳಿದಿರಲ್ಲ.”

ಅವಳಿಗೆ ಮನೆ ನೆನಪಾಯಿತು. ಇಗರ್ಜಿ ಬಿಟ್ಟು ಬೇರೆಡೆ ಮದುವೆಯೆಂದರೆ ಪಪ್ಪ ಮನೆಗೆ ಸೇರಿಸುವುದಿಲ್ಲ. ಅವನ ಮನೆಯವರೂ ಸುಮ್ಮನಿರುವವರಲ್ಲ.

“ನನಗೆ ಹೆದರಿಕೆ ಆಗ್ತದೆ, ಅಮರೇಶ್.”

“ನನಗೂ ಆಗ್ತೈತಿ.”

ಬಸ್ ಬಂತು. ಅದರಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ; ಜೊತೆಗೆ ಕೂರುವಂತಿಲ್ಲ.

“ಇದು ಹೋಗಲಿ,” ಎಂದಳು ಶರ್ಲಿ.

“ಇನ್ನೊಂದು ಬರಾಕ ಅರ್ಧ ತಾಸು ಆಗ್ತೈತ್ರಿ.”

“ಆಗಲಿ.”