ಕಣ್ಣಿನ ಎತ್ತರದ ಮೊಳೆ

ಹಿಂದೆ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಚಿತ್ತಾರಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ದೊಡ್ಡ ಚಿತ್ರಶಾಲೆ. ಚಿತ್ರಗಳನ್ನು ಸೂರಿಗೆ ತಾಗುವಷ್ಟು ಎತ್ತರದಲ್ಲಿ ತೂಗುಹಾಕಿದ್ದರು. ನೋಡಿ ಬಂದವರಿಗೆ ಕತ್ತುನೋವು ಬರುತ್ತಿತ್ತೇ ಹೊರತು ಒಂದು ಚಿತ್ರವೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಅರಮನೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಪುಟ್ಟ ಚಿತ್ರಮನೆಯೂ ಇತ್ತು. ಅದನ್ನು ನಡೆಸುತ್ತಿದ್ದವರು ಮಾಚಲೆ ಮತ್ತು ಅವಳ ತಮ್ಮ ಕೇತಣ. ರಾಜನ ಅಪ್ಪಣೆ ಬೇಡ, ಯಾರ ಹಂಗೂ ಇಲ್ಲ. ಹುಣ್ಣಿಮೆ ಬಂದರೆ ಹೊಸ ಚಿತ್ರಗಳು ಗೋಡೆಗೇರುತ್ತಿದ್ದವು, ಓಣಿಯ ಜನ ಒಳ್ಳೆಯ ಬಟ್ಟೆಯುಟ್ಟು ನೋಡಲು ಬರುತ್ತಿದ್ದರು.

ಚಿತ್ರ ಬರೆಯುವವನು ಕೇತಣ. ಮಾಚಲೆಗೆ ನೆಟ್ಟಗೊಂದು ಗೆರೆ ಎಳೆಯಲೂ ಬಾರದು. ಅವಳ ಕೆಲಸ ಮೊಳೆ ಹೊಡೆಯುವುದು. ಬರುವವರ ಕಣ್ಣು ಎಷ್ಟು ಎತ್ತರ, ಬೆಳಕು ಯಾವ ಕಡೆಯದು ಅಂತ ನೋಡಿಕೊಂಡು ಅವಳು ಮೊಳೆ ಹೊಡೆದಳೆಂದರೆ, ಚಿತ್ರದೊಳಗಿನ ಹೊಳೆಯ ತಂಪು ನೋಡುವವರ ಮುಖಕ್ಕೆ ತಾಗುತ್ತಿತ್ತು. ಅವರು ಬಾಯಿ ತೆರೆದು 'ಅಬ್ಬಾ' ಅನ್ನುತ್ತಿದ್ದರು. ಕೇತಣನೋ ಮಹಾ ನಾಚಿಕೆಯ ಪ್ರಾಣಿ. ಜನ ಬರುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಜಾರಿ ಹೊಳೆದಂಡೆ ಸೇರಿಬಿಡುತ್ತಿದ್ದ. ತನ್ನ ಚಿತ್ರ ನೋಡುವವರ ಮುಖವನ್ನು ಅವನು ಒಮ್ಮೆಯೂ ಕಂಡವನಲ್ಲ.

ಅದೇ ಊರಲ್ಲಿ ಹೊಗೆಮಲ್ಲನೆಂಬ ಮಾಂತ್ರಿಕನಿದ್ದ. ಅವನು ಬೂದಿ ಎರಚಿದರೆ ಮನುಷ್ಯ ಮೃಗವಾಗುತ್ತಿದ್ದ. ಅವನ ಮಾಯೆಗೆ ಇದ್ದದ್ದು ಒಂದೇ ಕಟ್ಟು: ಇನ್ನೊಬ್ಬರ ಕೆಲಸ ಕಂಡು ಅವನು 'ಅಬ್ಬಾ' ಅಂದ ದಿನ ಮಾಯೆ ತೀರಿತು. ಹಾಗಾಗಿ ಅವನು ಹಾಡು ಕೇಳುತ್ತಿರಲಿಲ್ಲ, ಚಿತ್ರ ನೋಡುತ್ತಿರಲಿಲ್ಲ. ಯಾವಾಗಲೂ ನೆಲ ನೋಡಿಕೊಂಡೇ ನಡೆದು ಅವನ ಬೆನ್ನು ಬಾಗಿಹೋಗಿತ್ತು. ಅಂಥ ಬಾಳು ಹಗೆಗೂ ಬೇಡ.

ಒಂದು ಹುಣ್ಣಿಮೆಯ ಹಗಲು ಹೊಗೆಮಲ್ಲ ಚಿತ್ರಮನೆಯೊಳಗೆ ಕಾಲಿಟ್ಟ. ಒಬ್ಬರೂ ತಿರುಗಿ ನೋಡಲಿಲ್ಲ; ಎಲ್ಲರ ಕಣ್ಣೂ ಗೋಡೆಯ ಮೇಲೆ. ಅವನಿಗೆ ಸಿಟ್ಟು ನೆತ್ತಿಗೇರಿತು. ಜೋಳಿಗೆಗೆ ಕೈಹಾಕಿ ಬೂದಿ ಎರಚಿದ. ಗಾಣಿಗರ ಅಜ್ಜಿ ಚೌಡವ್ವ ಕಪ್ಪೆಯಾದಳು. ಕಂಬಳಿ ಹೊದ್ದು ಗುಟ್ಟಾಗಿ ಬಂದಿದ್ದ ರಾಜಕುಮಾರ ಇರುಗ ಆನೆಯಾಗಿ, ಬಾಗಿಲನ್ನೇ ಕಿತ್ತುಕೊಂಡು ಅಂಗಳಕ್ಕೆ ಬಿದ್ದ. ಹಿತ್ತಲಿಗೆ ಜಾರುತ್ತಿದ್ದ ಕೇತಣ ಬಾವಲಿಯಾಗಿ ತೊಲೆಗೆ ಜೋತುಬಿದ್ದ. ಮಿಕ್ಕವರು ಎದ್ದೆವೋ ಬಿದ್ದೆವೋ ಅಂತ ಓಡಿದರು.

"ನಿಮ್ಮ ಚಿತ್ರಕ್ಕೆ ಎಲ್ಲರೂ ಅಬ್ಬಾ ಅಂತಾರಂತಲ್ಲ," ಅಂದ ಹೊಗೆಮಲ್ಲ, ಓಡದೆ ನಿಂತಿದ್ದ ಮಾಚಲೆಗೆ. "ಈ ಮೂರು ಮೃಗಗಳ ಬಾಯಲ್ಲಿ ಅನ್ನಿಸು ನೋಡೋಣ. ಅಂದವರು ಮನುಷ್ಯರಾಗ್ತಾರೆ. ಹೊತ್ತು ಮುಳುಗೋದರೊಳಗೆ ಅನ್ನದೆ ಇದ್ದವರು ಸಾಯೋತನಕ ಹಾಗೇ." ಹೀಗೆಂದು ಜಗಲಿಯ ಮೇಲೆ ಕೂತು ನೆಲ ನೋಡತೊಡಗಿದ.

ಮಾಚಲೆ ನೆಲದ ಮೇಲೆ ಮಲಗಿ, ಕಪ್ಪೆಯ ಪಕ್ಕ ಕೆನ್ನೆಯಿಟ್ಟು ನೋಡಿದಳು. ಅಲ್ಲಿಂದ ಒಂದು ಚಿತ್ರವೂ ಕಾಣುತ್ತಿರಲಿಲ್ಲ, ಬರೀ ಸುಣ್ಣದ ಗೋಡೆ. ಅವಳು ಗೋಡೆಯ ಬುಡದಲ್ಲೇ ಮೊಳೆ ಹೊಡೆದು, ಕೆಸುವಿನೆಲೆಯ ಮೇಲೆ ನಿಂತ ಮಳೆಹನಿಯ ಚಿತ್ರವನ್ನು ತಗುಲಿಸಿದಳು. ಆ ಹನಿಯೊಳಗೆ ಇಡೀ ಆಕಾಶ ಇಳಿದಿತ್ತು. ಕಪ್ಪೆಯ ಗಂಟಲು ಉಬ್ಬಿತು, "ಅಬ್ಬಾ" ಅಂದಿತು. ಚೌಡವ್ವ ಸೊಂಟ ಹಿಡಿದುಕೊಂಡು ಎದ್ದು ನಿಂತಳು.

ಆನೆಗೆಂದು ಇನ್ನೊಂದು ಚಿತ್ರವನ್ನು ಅಂಗಳಕ್ಕೆ ಒಯ್ದು ಎದುರಿಗೇ ಹಿಡಿದಳು. ಆನೆ ಸುಮ್ಮನೆ ನಿಂತಿತ್ತು. ಅವಳು ಆನೆಯನ್ನು ಎರಡು ಸಲ ಸುತ್ತುಹಾಕಿದ ಮೇಲೆ, ಅದರ ಕಣ್ಣುಗಳು ಇರುವುದು ಪಕ್ಕಗಳಲ್ಲಿ ಅಂತ ಹೊಳೆಯಿತು. ಬೇವಿನ ಮರ ಹತ್ತಿ, ಆನೆಯ ಕಿವಿಯ ಪಕ್ಕದ ಕೊಂಬೆಗೆ ಮೊಳೆ ಹೊಡೆದು, ಮಲ್ಲಿಗೆಯ ಎಸಳು ಹೊತ್ತ ಇರುವೆಯ ಆ ಚಿತ್ರವನ್ನು ತೂಗಿಬಿಟ್ಟಳು. ಆನೆಯ ಪುಟ್ಟ ಕಣ್ಣು ಅರಳಿತು. ಇಷ್ಟು ಸಣ್ಣ ಜೀವಕ್ಕೆ ಇಷ್ಟು ದೊಡ್ಡ ಹೊರೆಯೇ ಅನ್ನುವಂತೆ ಸೊಂಡಿಲೆತ್ತಿ "ಅಬ್ಬಾ" ಅಂದಿತು. ಇರುಗ ಕಂಬಳಿ ಹುಡುಕಿಕೊಂಡು ಹೊದ್ದ. ಓಡಿಹೋಗಿದ್ದ ಜನ ಒಬ್ಬೊಬ್ಬರಾಗಿ ಓಣಿಗೆ ಮರಳಿದರು.

ಉಳಿದದ್ದು ತಮ್ಮ. ಬಿಸಿಲು ಆಗಲೇ ಗೋಡೆಯ ತಲೆಗೇರಿತ್ತು. ಮಾಚಲೆ ಏಣಿ ಹತ್ತಿ, ಹೊಳೆಯ ಚಿತ್ರವನ್ನು ತಲೆಕೆಳಗಾಗಿ ಬಾವಲಿಯ ಮುಂದೆ ತೂಗುಹಾಕಿದಳು. ಚೌಡವ್ವ, ಹುಡುಗಿಗೆ ತಲೆಕೆಟ್ಟಿತಲ್ಲಪ್ಪಾ ಅಂತ ಗೊಣಗಿದಳು. ಬಾವಲಿ ಚಿತ್ರವನ್ನು ನೋಡಿತು, ಕಣ್ಣು ಮುಚ್ಚಿಕೊಂಡಿತು. ಬರೆದವನಿಗೆ ತನ್ನ ಚಿತ್ರದಲ್ಲಿ ಕಾಣುವುದು ಕೈತಪ್ಪಿದ ಗೆರೆ ಮಾತ್ರ.

ಮಾಚಲೆ ಏಣಿಯ ಮೇಲೇ ಕೂತು ಅತ್ತಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದ ಕೈಯಲ್ಲಿ ಇನ್ನು ಬಾವಲಿಗೆ ಹಣ್ಣು ತಿನ್ನಿಸಬೇಕೇ ಅಂತ ಅತ್ತಳು. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ, ಚೌಡವ್ವ ಮತ್ತೆ ಮಳೆಹನಿಯ ಮುಂದೆ ಮಂಡಿಯೂರಿ ಕೂತಿದ್ದಾಳೆ. ಅವಳ ಬೊಚ್ಚುಬಾಯಿ ತೆರೆದಿದೆ, ಮುಖ ದೀಪ ಹಚ್ಚಿಟ್ಟ ಹಾಗಿದೆ.

ಮಾಚಲೆ ಧಡಬಡನೆ ಇಳಿದು ಹೊಳೆಯ ಚಿತ್ರವನ್ನು ನೆಟ್ಟಗೆ ತಿರುಗಿಸಿ, ಬಾವಲಿಯ ಕೆಳಗಿನ ಗೋಡೆಗೆ ಹಾಕಿದಳು. ಎಲ್ಲರನ್ನೂ ಒಳಗೆ ಕರೆದು ಅದರ ಮುಂದೆ ನಿಲ್ಲಿಸಿದಳು. ಆಮೇಲೆ ಒಂದು ಖಾಲಿ ಚೌಕಟ್ಟನ್ನು ತೊಲೆಗೆ ಕಟ್ಟಿ ಬಾವಲಿಯ ಕಣ್ಣಿನೆದುರು ಇಳಿಬಿಟ್ಟಳು.

"ಕೇತಾ, ಕಣ್ಣು ತೆರಿ ಕಂದಾ," ಅಂದಳು. "ಇದು ನೀನೇ ಬರೆದದ್ದು. ಆದರೆ ನೀನು ಒಮ್ಮೆಯೂ ನೋಡಿಲ್ಲ."

ಬಾವಲಿ ಕಣ್ಣು ತೆರೆಯಿತು. ಚೌಕಟ್ಟಿನ ತುಂಬ ಮುಖಗಳು. ಅಜ್ಜಿಯದು, ಅರಸುಮಗನದು, ಓಣಿಯ ಎಲ್ಲರದು. ತಲೆಕೆಳಗಾಗಿ ಕಂಡರೇನು, ಬೆರಗಾದ ಮುಖ ಹೇಗೆ ನೋಡಿದರೂ ಬೆರಗಾದ ಮುಖವೇ. ಆ ಎಲ್ಲ ಮುಖಗಳ ಮೇಲೆ ಅವನು ಬರೆದ ಹೊಳೆಯ ನೀರು ಬೆಳಕಾಗಿ ಹರಿಯುತ್ತಿತ್ತು. ಸೂರ್ಯನ ಕೊನೆಯ ಅಂಚು ಇನ್ನೇನು ಮುಳುಗಬೇಕು, ತೊಲೆಯ ಮೇಲಿಂದ "ಅಬ್ಬಾ" ಅಂತ ಕೇಳಿಸಿತು. ಕೇತಣ ಧೊಪ್ಪನೆ ಅಕ್ಕನ ಕಾಲಬಳಿ ಬಿದ್ದ.

ಹೊಗೆಮಲ್ಲ ನಂಬಲಿಲ್ಲ. ಏನೋ ಕಣ್ಕಟ್ಟಿದೆ ಅಂತ ತಾನೇ ಏಣಿ ಹತ್ತಿ ಚೌಕಟ್ಟಿನೊಳಗೆ ಇಣುಕಿದ. ಜನ ಇನ್ನೂ ಹೊಳೆಯ ಚಿತ್ರವನ್ನೇ ನೋಡುತ್ತಿದ್ದರು. ಅವನನ್ನು ಕಂಡವರ ಮುಖದಲ್ಲಿ ಅವನು ಅಲ್ಲಿಯತನಕ ನೋಡಿದ್ದು ಬರೀ ಹೆದರಿಕೆ. ಹೆದರದೆ ಅರಳಿದ ಮುಖವನ್ನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಬಾಯಿ ಅವನ ಅಂಕೆ ಮೀರಿತು. "ಅಬ್ಬಾ" ಅಂದುಬಿಟ್ಟ. ಜೋಳಿಗೆಯ ಮಂತ್ರದ ಬೂದಿ ಒಲೆಯ ಬೂದಿಯಾಯಿತು. ಅದೇ ಗಳಿಗೆಗೆ ಊರ ಸುತ್ತ ಅವನು ಮೃಗ ಮಾಡಿಟ್ಟವರೆಲ್ಲ ಮನುಷ್ಯರಾಗಿ ಮನೆ ಸೇರಿದರು.

ಅವನು ಏಣಿಯಿಂದ ಇಳಿದು ಬಂದ. "ತಾಯೀ, ಇವರೆಲ್ಲ ನೋಡ್ತಿರೋದನ್ನ ನಾನೂ ನೋಡಬಹುದಾ?" ಅಂತ ಕೇಳಿದ. ಜನ ಹೊಡೆಯಲು ಕೈಯೆತ್ತಿದ್ದರು. ಮಾಚಲೆ ಅವನ ಬಾಗಿದ ಬೆನ್ನನ್ನೂ ಮೇಲೇಳದ ಕತ್ತನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಹೊಳೆಯ ಚಿತ್ರವನ್ನು ಇಳಿಸಿ, ಮೊಳೆ ಕಿತ್ತು, ಅವನ ಕಣ್ಣಿಗೆ ಸರಿಯಾಗಿ ಕೆಳಗೆ ಹೊಡೆದಳು.

ಅಂದಿನಿಂದ ಹುಣ್ಣಿಮೆ ಬಂದರೆ ಕೇತಣ ಹೊಳೆದಂಡೆಗೆ ಓಡಲಿಲ್ಲ. ಅವರ ಗೋಡೆ ಎಂದೂ ಬರಿದಾಗಲಿಲ್ಲ. ಕತೆ ಕೇಳಿದ ನಮ್ಮ ಕಣ್ಣೂ ಬರಿದಾಗದಿರಲಿ.