ಕಿಟಕಿಗೆ ಅಂಟಿದ ಹತ್ತಿ

ಕಂಪಾಸು ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು.

ದೋಣಿ ಕಟ್ಟಿದಲ್ಲೇ ತೂಗುತ್ತಿತ್ತು. ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತಂತೆ. ಒಳಗಿನ ಹಿತ್ತಾಳೆ ಕಂಪಾಸು ಮಾತ್ರ ಮಂಗಮಾಯ. ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ದಡದ ಬೂರುಗದ ಮರದಿಂದ ಹತ್ತಿ ಬಿಡಿಬಿಡಿಯಾಗಿ ತೇಲಿ ಬರುತ್ತಿತ್ತು. ಅದನ್ನು ನೋಡುತ್ತ ಇನ್ಸ್‌ಪೆಕ್ಟರಮ್ಮ ಬಂದ ಕೆಲಸವನ್ನೇ ಒಂದು ಗಳಿಗೆ ಮರೆತರು.

"ಅಪ್ಪನ ಕಂಪಾಸು, ಮೇಡಂ," ಎಂದ ದೋಣಿಯ ಯಜಮಾನ. "ನನ್ನ ಬಿಟ್ರೆ ಬೀಗದಕೈ ಇರೋದು ಮೇಸ್ತ್ರಿ ಹತ್ರ ಮಾತ್ರ. ಇನ್ನೇನು ಬೇಕು?"

ಮೇಸ್ತ್ರಿ ಎಂದರೆ ಅಲ್ಲಿನ ದೋಣಿಗಳನ್ನೆಲ್ಲ ತೊಳೆದು, ಕಿಟಕಿಯ ಸಂದಿಗೆ ನೀರಿಳಿಯದಂತೆ ರಬ್ಬರಿನಂಥ ಅಂಟು ತುಂಬುವ ಮುದುಕ. ಎಲ್ಲರ ಬೀಗದಕೈಗಳೂ ಅವನ ಸೊಂಟದಲ್ಲೇ. ಒಮ್ಮೆ ಕಳ್ಳ ಅನ್ನಿಸಿಕೊಂಡರೆ ಮುಗಿಯಿತು, ಇನ್ಯಾರೂ ಅವನ ಕೈಗೆ ಬೀಗದಕೈ ಕೊಡುವುದಿಲ್ಲ.

"ನಾನಲ್ಲಮ್ಮ," ಎಂದ ಅವನು. ಮುಖ ಬಿಳಿಚಿಕೊಂಡಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಅಯ್ಯೋ ಪಾಪವನ್ನು ಸಾಕ್ಷಿ ಅಂತ ಬರೆದುಕೊಳ್ಳಲಾಗುತ್ತದೆಯೇ?

* * *

ಅವರು ದೋಣಿಯನ್ನು ಒಂದು ಸುತ್ತು ಹಾಕಿದರು. ಹತ್ತಿ ಎಲ್ಲ ದೋಣಿಗಳ ಮೇಲೂ ಇಳಿದು, ಹೊರಳಿ, ಜಾರಿ ಹೋಗುತ್ತಿತ್ತು. ಈ ದೋಣಿಯ ಕಿಟಕಿಗಳ ಸುತ್ತ ಮಾತ್ರ ಅಂಟಿ ಕೂತಿತ್ತು. ಬೆರಳಿಟ್ಟರು. ಬೆರಳೂ ಅಂಟಿತು.

"ಮೇಸ್ತ್ರಿ, ಇದನ್ನ ಯಾವುದರಲ್ಲಿ ತೊಳೀತೀರಿ?"

"ಸೋಪಿನ ನೀರು, ಮೆತ್ತನೆ ಬಟ್ಟೆ. ಪೇಂಟಿಗೆ ಹಾಕೋ ಥಿನ್ನರ್ ಮುಟ್ಟಿಸಿದ್ರೆ ಅಂಟು ಮೆತ್ತಗಾಗಿ ಕೈಗೇ ಬಂದ್ಬಿಡುತ್ತೆ."

ಎಲ್ಲ ಕಿಟಕಿಗೂ ಅಂಟನ್ನು ಮೇಸ್ತ್ರಿ ಹೆಬ್ಬೆರಳಿನಲ್ಲಿ ಸವರಿದ ತಗ್ಗಿತ್ತು. ಹಿಂದಿನ ದೊಡ್ಡ ಕಿಟಕಿಗೆ ಮಾತ್ರ ಇಲ್ಲ. ಅದರ ಅಂಚು ಗೆರೆ ಎಳೆದಷ್ಟು ನೇರ.

ಪಕ್ಕದ ದೋಣಿಯವನ ಬಳಿ ಥಿನ್ನರ್ ಡಬ್ಬಿ ಸಿಕ್ಕಿತು. ಕಳ್ಳ ಸಿಕ್ಕನೆಂದು ಜೊತೆಗಿದ್ದ ಕಾನ್‌ಸ್ಟೇಬಲ್ ಹಿಗ್ಗಿ ಹೀರೇಕಾಯಿಯಾದ. ನೋಡಿದರೆ ಡಬ್ಬಿಯ ಮುಚ್ಚಳವನ್ನೇ ಇನ್ನೂ ಒಡೆದಿರಲಿಲ್ಲ.

"ಈ ಕಂಪಾಸಿನ ಮೇಲೆ ಇನ್ಯಾರಿಗೆ ಆಸೆಯಿತ್ತು?" ಎಂದು ಇನ್ಸ್‌ಪೆಕ್ಟರಮ್ಮ ಯಜಮಾನನನ್ನು ಕೇಳಿದರು.

"ಅಪ್ಪ ಮನೇನ ಅಣ್ಣನಿಗೆ ಕೊಟ್ರು, ದೋಣೀನ ನನಗೆ. ಅವತ್ತಿಂದ ಅಣ್ಣ ಈ ಕಡೆ ತಲೆ ಹಾಕಿಲ್ಲ."

"ಏನು ಕೆಲಸ ಅವರದು?"

"ಅಂಗಡಿ ಬೋರ್ಡು ಬರೀತಾನೆ."

* * *

ಅಣ್ಣನ ಅಂಗಡಿಯ ತುಂಬ ಅರ್ಧ ಬರೆದ ಅಕ್ಷರಗಳು. ಬಂದವರು ಮೂವರು: ಇನ್ಸ್‌ಪೆಕ್ಟರಮ್ಮ, ತಮ್ಮ, ಮೇಸ್ತ್ರಿ. ಅಣ್ಣ ಥಿನ್ನರ್ ಬಟ್ಟೆಯಲ್ಲಿ ಬೆರಳು ಒರೆಸುತ್ತಿದ್ದವನು ಹಾಗೇ ನಿಂತ.

"ನಿನ್ನೆ ರಜೆ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಹಿಂದಿನ ಕಿಟಕಿಯ ಅಂಟು ಕುಯ್ದು, ಗಾಜು ತೆಗೆದು ಒಳಗೆ ಹೋದ್ರಿ. ಮತ್ತೆ ಕೂರಿಸಿ ಹೊಸ ಅಂಟು ತುಂಬಿದ್ರಿ. ಹೊಸದು ಎದ್ದು ಕಾಣಬಾರದು ಅಂತ ಉಳಿದ ಕಿಟಕೀನೂ ಒರೆಸಿದ್ರಿ. ನಿಮ್ಮ ಕಸುಬಲ್ಲಿ ಒರೆಸೋದು ಅಂದ್ರೆ ಥಿನ್ನರ್. ಅಂಟು ಮೆತ್ತಗಾಯ್ತು, ಹತ್ತಿ ಹಿಡ್ಕೊಳ್ತು. ಇನ್ನು ಆ ನೇರ ಅಂಚು. ಬೋರ್ಡು ಬರೆಯೋ ಕೈಗೆ ಸೊಟ್ಟ ಗೆರೆ ಎಳೆಯೋಕೆ ಬರಲ್ಲ ನೋಡಿ."

ಅಣ್ಣ ಒಂದು ಬೋರ್ಡನ್ನು ಸರಿಸಿದ. ಹಿಂದೆ ಕಂಪಾಸು. ಅದರ ಮುಳ್ಳು ನಿದ್ದೆಯಲ್ಲಿ ಕನಸು ಕಂಡಂತೆ ಮೆಲ್ಲಗೆ ಅಲುಗಿತು. ಎಲ್ಲರೂ ಅದನ್ನೇ ನೋಡಿದರು.

"ಕೇಳಿದ್ರೆ ಕೊಡ್ತಿದ್ದೆನಲ್ಲೋ," ಎಂದ ತಮ್ಮ.

"ನಿನ್ನ ಹತ್ರ ಕೈಚಾಚಬೇಕಿತ್ತಾ? ಅಣ್ಣ ಕಣೋ ನಾನು." ಅವನು ಮೇಸ್ತ್ರಿಯ ಕಡೆ ತಿರುಗಿದ. "ನಿಮ್ಮ ಮೇಲೆ ಬರುತ್ತೆ ಅಂತ ಖಂಡಿತ ಅಂದ್ಕೊಂಡಿರಲಿಲ್ಲ."

"ಸುಳ್ಳು ಹೇಳಬೇಡಪ್ಪ," ಎಂದ ಮೇಸ್ತ್ರಿ. ದನಿ ಏರಲಿಲ್ಲ. "ಕಿಟಕಿ ಹಾಗೇ ಬಿಟ್ಟು ಬಂದಿದ್ರೆ ಯಾರೋ ಕಳ್ಳ ಬಂದಿದ್ದ ಅಂತಿದ್ರು. ಅದನ್ನ ಅಷ್ಟು ಚೆನ್ನಾಗಿ ಮುಚ್ಚಿದ ಮೇಲೆ ಉಳಿದಿದ್ದು ಬಾಗಿಲು. ಬಾಗಿಲ ಬೀಗದಕೈ ಯಾರ ಹತ್ರ ಇತ್ತು?"

ಅಣ್ಣ ತಲೆ ತಗ್ಗಿಸಿದ.

"ಇವನನ್ನ ಎತ್ತಿ ಆಡಿಸಿದ್ದೀನಿ," ಎಂದ ಮೇಸ್ತ್ರಿ ಇನ್ಸ್‌ಪೆಕ್ಟರಮ್ಮನಿಗೆ. ಕಣ್ಣು ತುಂಬಿ ಬಂದಿತ್ತು. "ಆದ್ರೂ ಕೇಸು ಬರ್ಕೊಳ್ಳಿ ತಾಯಿ."

ತಮ್ಮ 'ಬೇಡ' ಅನ್ನಲು ಹೊರಟ. ಬೆಳಗ್ಗೆ ಮೇಸ್ತ್ರಿಯ ಹೆಸರು ಹೇಳಿದವನು ತಾನೇ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡ.